ಕರೆಂಟಿನ ವ್ಯಾನು ಬರ್ತೈತಂತ

ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಮುಂದೆ ಆಗಲಿರುವುದನ್ನು ಇವತ್ತೇ ಹೇಳಿಬಿಡುವ ಚಟ. ಜ್ಯೋತಿಷಿಗಳಿಗೂ ಇದೇ ಚಟ ಉಂಟು. ಆದರೆ ಅವರಿಗೆ ಅದರಿಂದ ಹೊಟ್ಟೆ ತುಂಬುತ್ತದೆ, ನನಗೆ ಎದುರಿಗಿದ್ದ ಊಟವೂ ಆರಿಹೋಗುತ್ತದೆ. "ರೊಟ್ಟಿ ತಾಟಿನಾಗ ಐತಿ, ನಿಮ್ಮ ಲಕ್ಷ್ಯ ಮುಂದಿನ ವರ್ಷದಾಗ ಐತಿ" ಎಂದು ನನ್ನ ಹೆಂಡತಿ ಸುಮಿತ್ರಾ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ಕುಂದಗೋಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಕಲಿಸುವಾಗ ಪುಸ್ತಕದಲ್ಲಿ ಇದ್ದದ್ದನ್ನಷ್ಟೇ ಹೇಳಬೇಕಿತ್ತು. ನಿವೃತ್ತಿಯ ಮೇಲೆ ಆ ಕಟ್ಟು ಹರಿಯಿತು. ಮೊಬೈಲು ತೆರೆದರೆ ಸಾಕು, ಜಗತ್ತಿನ ನಾಳೆಯೆಲ್ಲ ಅಂಗೈಯಲ್ಲಿ. ಅದರಲ್ಲೂ ನನಗೆ ಪ್ರೀತಿ ವಾಹನಗಳ ಭವಿಷ್ಯದ ಮೇಲೆ. ನಾನು ಜನ್ಮದಲ್ಲಿ ಓಡಿಸಿದ್ದು ಒಂದು ಸೈಕಲ್ಲು, ಅದೂ ಇಳಿಜಾರಿನಲ್ಲಿ ಅದೇ ನನ್ನನ್ನು ಓಡಿಸಿದ್ದು ಹೆಚ್ಚು. ಆದರೆ ಈ ಸಂಗತಿ ನನ್ನ ಪ್ರೀತಿಗೆ ಎಂದೂ ಅಡ್ಡ ಬಂದಿಲ್ಲ.

ನಮ್ಮ ಕಡೆ ಮೂಗಿಲ್ಲದ ಒಂದು ವ್ಯಾನು ಬಹಳ ಓಡಾಡಿತು, ಈಗಲೂ ಅಲ್ಲಲ್ಲಿ ಕಾಣುತ್ತದೆ. ಮುಂದೆ ಬಾನೆಟ್ಟಿಲ್ಲ, ಬಾಜುವಿಗೆ ಸರಿಸುವ ಬಾಗಿಲು, ಒಟ್ಟಿನಲ್ಲಿ ಗಾಲಿ ಹಚ್ಚಿದ ಬ್ರೆಡ್ಡು. ಅದರಲ್ಲಿ ಶಾಲೆಯ ಮಕ್ಕಳು ಹೋದರು, ಮದುಮಕ್ಕಳು ಹೋದರು, ಒಣಮೆಣಸಿನಕಾಯಿಯ ಚೀಲಗಳು ಹೋದವು. ಹೆರಿಗೆಗೆಂದು ಹೊರಟವರು ದವಾಖಾನೆ ಮುಟ್ಟುವ ಮೊದಲೇ ಒಬ್ಬರು ಹೆಚ್ಚಾಗಿ ಹಿಂದಿರುಗಿದ್ದೂ ಉಂಟು. ಹಿಂದಿನ ಸೀಟು ಕಿತ್ತು, ಹಲಗೆ ಹಾಕಿ, ಒಲೆ ಇಟ್ಟು, ಅದನ್ನೇ ಓಡಾಡುವ ಮನೆ ಮಾಡಿಕೊಂಡವರೂ ಇದ್ದರು. ಆಮೇಲೆ ಕಂಪನಿ ಆ ವ್ಯಾನು ಮಾಡುವುದನ್ನೇ ನಿಲ್ಲಿಸಿತು. ಅಂದಿನಿಂದ ಶುರುವಾಯಿತು ಸುದ್ದಿ: ಅದೇ ವ್ಯಾನು ತಿರುಗಿ ಬರುತ್ತದಂತೆ, ಈ ಸಲ ಕರೆಂಟಿನ ಮೇಲೆ ಓಡುತ್ತದಂತೆ, ಕಂಪನಿಯವರೇ ಒಳಗೆ ಹಾಸಿಗೆ, ಒಲೆ ಕೂಡಿಸಿ ಕೊಡುತ್ತಾರಂತೆ. ಕೆಲವು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಅದರ ಹೊಸ ಚಿತ್ರ ಬರುತ್ತದೆ. ಯಾವ ಎರಡು ಚಿತ್ರವೂ ಒಂದರಂತೆ ಒಂದು ಇರುವುದಿಲ್ಲ. ನಾನು ಎಲ್ಲವನ್ನೂ ನಂಬಿದೆ.

ನಂಬದವನು ಒಬ್ಬನೇ ಇದ್ದ, ನನ್ನ ಗೆಳೆಯ ಈರಣ್ಣ. ಅವನದು ಮೈಕ್‌ಸೆಟ್ಟಿನ ದಂಧೆ. ಸಂಗೀತಕ್ಕೆ ಹೆಸರಾದ ನಮ್ಮೂರಿನಲ್ಲಿ ಹಾಡುವವರಿಗೆ ಕೊರತೆಯಿಲ್ಲ, ಈರಣ್ಣ ಕೂಗುವವನು. ಮೂಗಿಲ್ಲದ ತನ್ನ ವ್ಯಾನಿನ ತಲೆಯ ಮೇಲೆ ಧ್ವನಿವರ್ಧಕದ ಎರಡು ಭೋಂಗಾ ಕಟ್ಟಿಕೊಂಡು, ನೀರು ಬಿಡುವ ಸುದ್ದಿ, ಸಂತೆಯ ಸುದ್ದಿ, ಕಳೆದ ಎಮ್ಮೆಯ ಸುದ್ದಿ, ಎಲ್ಲವನ್ನೂ ಓಣಿ ಓಣಿಗೆ ಸಾರುತ್ತಿದ್ದ. ದೊಡ್ಡ ಡಬ್ಬಗಳ ಡಿಜೆ ಬಂದು ಮದುವೆಗಳು ಕೈತಪ್ಪಿದ ಮೇಲೂ ಅವನ ದನಿಗೆ ಕೆಲಸ ತಪ್ಪಲಿಲ್ಲ. ದೂರದ ಊರಿಗೆ ಹೋದರೆ ಅಲ್ಲೇ ಉಳಿಯಬೇಕೆಂದು ಅವನೂ ವ್ಯಾನಿನೊಳಗೆ ಹಲಗೆ ಹಾಕಿಸಿ, ಒಂದು ಸ್ಟೋ, ಒಂದು ನೀರಿನ ಕೊಡ, ಬುತ್ತಿ ಚೀಲ ತೂಗುಹಾಕಲು ಎರಡು ಮೊಳೆ ಇಟ್ಟಿದ್ದ. ಅವನ ಹೆಂಡತಿ ಶಾಂತವ್ವ ಜೊತೆಗೆ ಹೋಗುತ್ತಿದ್ದರು. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ, ನಾನೂ ಅವರನ್ನು ಹಾಗೇ ಕರೆಯುತ್ತೇನೆ. ಗಂಡ ಊರಿಗೆಲ್ಲ ಕೇಳುವಂತೆ ಕೂಗಿದರೆ, ಈ ವೈನಿಯ ಮಾತು ಬಾಜು ಕೂತವರಿಗೂ ಅರ್ಧ ಮಾತ್ರ ಕೇಳುತ್ತಿತ್ತು. ಒಮ್ಮೆ ನಾವು ನಾಲ್ವರೂ ಆ ವ್ಯಾನಿನಲ್ಲಿ ಅಣ್ಣಿಗೇರಿಯ ಗುಡಿಗೆ ಹೋಗಿ ಅಲ್ಲೇ ಬೇವಿನ ಮರದ ಕೆಳಗೆ ವಸ್ತಿ ಮಾಡಿದೆವು. ಒಳಗೆ ಹೆಂಗಸರು, ಹೊರಗೆ ನಾವು. ವೈನಿ ಮಾಡಿದ ಝುಣಕ ರೊಟ್ಟಿಯ ರುಚಿ ನೆನಪಿದೆ. ಈರಣ್ಣ ನಿದ್ದೆಯಲ್ಲೂ ಕಳೆದ ಎಮ್ಮೆಯ ಬಣ್ಣ ಸಾರಿದ್ದು ಇನ್ನೂ ಚೆನ್ನಾಗಿ ನೆನಪಿದೆ.

ದಿನಾ ಸಂಜೆ ಚಾದ ಅಂಗಡಿಯಲ್ಲಿ ನಮ್ಮಿಬ್ಬರ ವಾದ. ನಾನು ಹೊಸ ಚಿತ್ರ ತೋರಿಸುವುದು, ಅವನು ಅದನ್ನು ದೂರ ಹಿಡಿದು ನೋಡುವುದು.

"ಹೊಗಿ ಇಲ್ಲ, ಸಪ್ಪಳ ಇಲ್ಲ ಈರಣ್ಣ. ಅಗದಿ ಗಾಳಿ ಹೋದಂಗ ಹೋಗ್ತೈತಂತ."

"ಸಪ್ಪಳಿಲ್ಲದ ಗಾಡಿ ತೊಗೊಂಡು ಏನ್ ಮಾಡ್ಲಿರಿ ಮಾಸ್ತರ? ನನ್ನ ವ್ಯಾನಿನ ಸಪ್ಪಳ ಕೇಳಿದ ಕೂಡಲೇ ಮಂದಿ ಬಾಗಿಲಿಗೆ ಬಂದು ನಿಂದರ್ತಾರ. ಅರ್ಧಾ ಸುದ್ದಿ ಇಂಜಿನ್ನ ಹೇಳಿರ್ತೈತಿ. ಮತ್ತ ನಮ್ಮೂರಾಗ ಮನಿಗಿ ಕರೆಂಟ್ ಬರೂದ ಅದರ ಮರ್ಜಿ, ಗಾಡಿಗಿ ಎಲ್ಲಿಂದ ತರ್ತೀರಿ?"

"ಬರ್ತೈತಿ ನೋಡ್ತಿರು."

"ಬರ್ಲಿ. ಬಂದಾಗ ನಾನ ಸಾರ್ತೀನಿ, ಮಾಸ್ತರ ಗೆದ್ದ್ರು ಅಂತ."

ಒಂದು ಚಳಿಗಾಲ ಅವನ ದನಿ ಕಟ್ಟಿತು. ಶೇಂಗಾದ ಜಿಡ್ಡು ಎಂದರು ಕೆಲವರು, ದೂಳು ಎಂದರು ಕೆಲವರು. ಜ್ಯೇಷ್ಠಮಧು, ಅರಿಶಿನದ ಹಾಲು, ಕಲ್ಲುಸಕ್ಕರೆ, ಊರಿನವರೆಲ್ಲ ಒಂದೊಂದು ಮದ್ದು ಹೇಳಿದರು. ಅವನ ದನಿ ಎಲ್ಲರ ಮನೆಯದೂ ಆಗಿತ್ತಲ್ಲ. ಚಳಿ ಹೋಯಿತು, ದನಿ ಬಿಡಲಿಲ್ಲ. ವೈನಿ ಹಟ ಹಿಡಿದು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು, ನಾನೂ ಹೋದೆ. ಡಾಕ್ಟರು ಮೆಲ್ಲಗೆ, ಬಿಡಿಸಿ ಹೇಳಿದರು. ಗಂಟಲಿನಲ್ಲಿ ಕ್ಯಾನ್ಸರು, ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕು, ಆಮೇಲೆ ಕರೆಂಟು ಕೊಡಬೇಕು. ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ಡಾಕ್ಟರುಗಳೂ ಹಾಗೇ ಹೇಳುತ್ತಾರೆ.

ಈರಣ್ಣ ಉಳಿದ ಸಣ್ಣ ದನಿಯಲ್ಲಿ ಕೇಳಿದ, "ಪೆಟ್ಟಿಗಿ ಸುಟ್ಟರ ತಗೀಬೇಕು, ಅದು ನನಗ ಗೊತ್ತೈತ್ರಿ ಸಾಹೇಬ್ರ. ನಮ್ಮ ದಂಧೇದಾಗ ಬ್ಯಾರೆ ಕೂಡಸ್ತೀವಿ. ನಿಮ್ಮಲ್ಲಿ ಹ್ಯಾಂಗ?"

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಹೊರಗೆ ಬಂದು ಅವನು ನನ್ನ ಹೆಗಲು ತಟ್ಟಿ, "ಕರೆಂಟ್ ಗಾಡಿಗಿ ಬರೂಕಿಂತ ಮೊದಲ ನನಗ ಬಂತು ನೋಡ್ರಿ" ಎಂದು ನಕ್ಕ.

ಆಪರೇಷನ್ನಿಗೆ ಹೋಗುವ ಮುಂಚಿನ ದಿನ ನಾನು ವಿಜ್ಞಾನ ಓದಿದವನ ಬುದ್ಧಿ ತೋರಿಸಿದೆ. "ಈರಣ್ಣ, ಇದ್ದಷ್ಟು ದನಿ ಮೊಬೈಲಿನಾಗ ತುಂಬಿಟ್ಟುಬಿಡು. ಮುಂದ ಅದನ್ನ ಹಚ್ಚಿ ಸಾರಬಹುದು" ಎಂದೆ. ಅವನು ನನ್ನ ಮುಖ ನೋಡಿ, "ನಾಳಿಗಿ ಯಾರ ಎಮ್ಮಿ ಕಳೀತೈತಿ ಅಂತ ಇವತ್ತ ಹ್ಯಾಂಗ ಹೇಳ್ಲಿರಿ ಮಾಸ್ತರ? ಅದು ನಿಮ್ಮ ಕೆಲಸ" ಎಂದ. ಆಮೇಲೆ ವ್ಯಾನು ಹೊರಗೆ ತೆಗೆದ. ನೀರು ಬಿಡುವ ಸುದ್ದಿ ಸಾರುವುದಿತ್ತು. ಎಲ್ಲರಿಗೂ ಕೈಮುಗಿದು ಏನಾದರೂ ಹೇಳುತ್ತಾನೆಂದು ನಾನು ಬಾಜುವಿನಲ್ಲಿ ಕಾದು ಕುಳಿತಿದ್ದೆ. ಅವನು ಒಂದು ಓಣಿಯಲ್ಲಿ ಹರಕು ದನಿಯಿಂದ ನೀರಿನ ಸುದ್ದಿ ಹೇಳಿದ, ಎರಡನೆಯ ಓಣಿಯಲ್ಲಿ ಮೈಕನ್ನು ಹಿಂದೆ ಕುಳಿತ ವೈನಿಯ ಕೈಗೆ ಕೊಟ್ಟ.

"ನನ್ನ ಕಡೆ ಆಗಂಗಿಲ್ಲ" ಎಂದರು ವೈನಿ.

"ನೀರು ನಾಳೆ ಬರ್ತಾವಲ್ಲ. ಮಂದಿ ಕೊಡ ತೊಳಕೋಬೇಕೋ ಬ್ಯಾಡೋ?"

ವೈನಿ ಮೈಕನ್ನು ಸೆರಗಿನಿಂದ ಒರೆಸಿದರು. "ನಾಳೆ ನೀರು ಬರ್ತಾವ್ರಿ" ಎಂದರು. ಇಂಜಿನ್ನಿನ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ, ಓಣಿಗೆ ಹೇಗೆ ಕೇಳೀತು? ಈರಣ್ಣ ಗಾಡಿ ಬಂದ್ ಮಾಡಿದ. "ಈಗ ಹೇಳು." ವೈನಿ ಮತ್ತೆ ಹೇಳಿದರು. ಎದುರಿನ ಮನೆಯ ಮುದುಕಿ ಹೊರಗೆ ಬಂದು, "ಯಾರವ್ವಾ, ಶಾಂತವ್ವೇನ?" ಎಂದಳು. ಹಾಗೆ ಓಣಿಗೊಮ್ಮೆ ವ್ಯಾನು ನಿಲ್ಲಿಸಿ, ಇಂಜಿನ್ನು ಆರಿಸಿ, ಊರೆಲ್ಲ ನೀರಿನ ಸುದ್ದಿ ಮುಟ್ಟಿಸಿ ಬಂದೆವು.

ಮುಂದೆ ವಾರಗಟ್ಟಲೆ ಅವರಿಬ್ಬರೂ ದವಾಖಾನೆಯ ಆವರಣದಲ್ಲಿ, ಒಂದು ಮರದ ಕೆಳಗೆ, ಆ ವ್ಯಾನಿನಲ್ಲೇ ಇದ್ದರು. ಬೇರೆ ರೋಗಿಗಳ ಮನೆಯವರು ಅದರ ಹಗ್ಗಕ್ಕೆ ಸೀರೆ ಒಣಹಾಕಿದರು, ಅದರ ಸ್ಟೋ ಮೇಲೆ ಗಂಜಿ ಕಾಸಿದರು. ನಾನು ಹೋದಾಗಲೆಲ್ಲ ಯಾರಾದರೂ ಗುರುತಿಲ್ಲದವರು ಒಳಗಿನಿಂದ ಚಾ ಕೊಡುತ್ತಿದ್ದರು. ಆಪರೇಷನ್ ಆಗಿ ಈರಣ್ಣನ ಕತ್ತಿನಲ್ಲಿ ಉಸಿರಾಟಕ್ಕೊಂದು ತೂತು, ಅದರ ಮೇಲೆ ಬಿಳಿ ಅರಿವೆ. ಅವನು ಬಾಗಿಲಲ್ಲಿ ಕುಳಿತು ಎಲ್ಲರನ್ನೂ ನೋಡುತ್ತಿದ್ದ. ಅವನ ಬಾಯಿ ಮುಚ್ಚಿದ್ದನ್ನು ನೋಡಿ ನನಗೆ ರೂಢಿಯೇ ಇರಲಿಲ್ಲ.

ಗಂಟಲಿಗೆ ಹಚ್ಚಿಕೊಂಡರೆ ಮಾತು ಹೊರಡಿಸುವ ಬ್ಯಾಟರಿಯ ಸಾಧನವೊಂದನ್ನು ದವಾಖಾನೆಯಲ್ಲಿ ಕೊಟ್ಟರು. ಟಾರ್ಚಿನಂತಿತ್ತು. ಮೊದಲ ಸಲ ಹಚ್ಚಿಕೊಂಡು ಅವನು ಹೆಂಡತಿಯನ್ನು ಕರೆದ. ಡಬ್ಬಿಯಲ್ಲಿ ಸಿಕ್ಕ ದುಂಬಿಯಂಥ, ಏರಿಳಿತವಿಲ್ಲದ ದನಿ. ವೈನಿ ಮರದ ಆಚೆ ಹೋಗಿ ಅತ್ತರು. ಅಂದಿನಿಂದ ಅವನು ಮನೆಯಲ್ಲಿ ಅದನ್ನು ಹಚ್ಚಲೇ ಇಲ್ಲ, ಕೈಸನ್ನೆಯಲ್ಲೇ ಮುಗಿಸುತ್ತಿದ್ದ. ನನ್ನ ಜೊತೆ ಜಗಳಕ್ಕೆ ಮಾತ್ರ ಅದನ್ನು ಕಿಸೆಯಲ್ಲಿಟ್ಟುಕೊಂಡು ಚಾದ ಅಂಗಡಿಗೆ ಬರುತ್ತಿದ್ದ. ಬ್ಯಾಟರಿಯ ದನಿಯಲ್ಲಿ ಬ್ಯಾಟರಿಯ ವ್ಯಾನನ್ನು ಬಯ್ಯುವುದನ್ನು ಊರು ಬೆರಗಿನಿಂದ ನೋಡುತ್ತಿತ್ತು. ಒಮ್ಮೆ ವಾದ ಏರಿದ ಹೊತ್ತಿಗೆ ಅದರ ಚಾರ್ಜು ಮುಗಿಯಿತು. ಈರಣ್ಣ ಸಿಟ್ಟಾಗಲಿಲ್ಲ. ಆ ಸಾಧನವನ್ನು ನನ್ನ ಚಾದ ಕಪ್ಪಿನ ಬಾಜು ಇಟ್ಟು, ಅದನ್ನೊಮ್ಮೆ ನನ್ನನ್ನೊಮ್ಮೆ ತೋರಿಸಿ, ನೋಡಿದಿರಾ ಎಂಬಂತೆ ಎದೆ ಉಬ್ಬಿಸಿ, ಸದ್ದಿಲ್ಲದೆ ಹೊಟ್ಟೆ ಕುಣಿಸಿ ನಕ್ಕ. ಅಂದಿನ ವಾದ ಅವನೇ ಗೆದ್ದ.

ಅವನು ವ್ಯಾನು ಓಡಿಸುವುದು, ಓಣಿಗೊಮ್ಮೆ ಇಂಜಿನ್ನು ಆರಿಸುವುದು, ವೈನಿ ಸಾರುವುದು. ಒಂದು ಮಳೆಗಾಲ, ಒಂದು ಸುಗ್ಗಿ ಹೀಗೆ ನಡೆಯಿತು. ಸುಗ್ಗಿ ಮುಗಿಯುವ ಹೊತ್ತಿಗೆ ರೋಗ ತಿರುಗಿ ಬಂತು. ಈ ಸಲ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಕೊನೆಯ ದಿನಗಳಲ್ಲಿ ಅವನು ಮನೆಯೊಳಗಿನ ಮಂಚ ಬೇಡವೆಂದು ಅಂಗಳದಲ್ಲಿ ನಿಂತ ವ್ಯಾನಿನಲ್ಲೇ ಮಲಗುತ್ತಿದ್ದ. ನಾನು ಹೋಗಿ ಬಾಗಿಲಲ್ಲಿ ಕುಳಿತು ಹೊಸ ಚಿತ್ರ ತೋರಿಸುತ್ತಿದ್ದೆ. ಬೇರೆ ಮಾತು ನನಗೆ ತಿಳಿಯುತ್ತಿರಲಿಲ್ಲ. ಅವನು ನೋಡಿ ಕೈ ಅಲ್ಲಾಡಿಸುತ್ತಿದ್ದ, ಬರಂಗಿಲ್ಲ ಎಂದು. ಒಂದು ಮಧ್ಯಾಹ್ನ ಚಿತ್ರ ತೋರಿಸಿದರೆ ಕೈ ಅಲ್ಲಾಡಲಿಲ್ಲ. ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಮೊಣಕಾಲು ತಟ್ಟಿ, ಆಗಲಿ ಎಂಬಂತೆ ತಲೆಯಾಡಿಸಿದ. ಇಷ್ಟು ವರ್ಷ ಅವನು ಒಪ್ಪಲಿ ಎಂದು ಕಾದವನು ನಾನು. ಒಪ್ಪಿದಾಗ, ಬೇಡ, ಇನ್ನೊಮ್ಮೆ ಬಯ್ಯಿ ಎನ್ನಬೇಕೆನಿಸಿತು. ಎರಡು ದಿನಕ್ಕೆ ಅವನು ಹೋದ.

ದಿನಕರ್ಮಗಳೆಲ್ಲ ಮುಗಿದ ಮೇಲೆ ವೈನಿ ನಮ್ಮ ಮನೆಗೆ ಬಂದರು. ವ್ಯಾನು ಓಡಿಸುವವರಿಲ್ಲ, ಅದಕ್ಕೂ ವಯಸ್ಸಾಗಿದೆ, ಹಳೆಯ ಕಬ್ಬಿಣ ಕೊಳ್ಳುವ ಮೋಡಕಾದವನು ಕೇಳಿಹೋಗಿದ್ದಾನೆ. "ಮಾಸ್ತರ, ಖರೇ ಹೇಳ್ರಿ. ಆ ಕರೆಂಟಿಂದು ಬರ್ತೈತೇನು? ಅದನ್ನ ಹೊಡಿಯೂದು ಸಸಾರ, ಗೇರ್ ಹಾಕೂದ ಇಲ್ಲ ಅಂತಿದ್ರಿ, ನಾನ ಕಲಿತೀನಿ."

ಚಾದ ಅಂಗಡಿಯಲ್ಲಿ ಎಷ್ಟು ಸಲ ಎದೆ ತಟ್ಟಿ ಹೇಳಿದ ಮಾತು! ಮನಸ್ಸಿಟ್ಟು ಒಬ್ಬರು ಕೇಳಿದಾಗ ಮೊಬೈಲನ್ನು ಮಗುಚಿಟ್ಟೆ. "ಗೊತ್ತಿಲ್ರಿ ವೈನಿ. ಬಂದೀತು. ಬರದೇನೂ ಇರಬಹುದು."

"ಹಂಗಾರ ಇದು ಇರ್ಲಿ" ಎಂದು ಎದ್ದರು. ವ್ಯಾನು ಮೋಡಕಾಕ್ಕೆ ಹೋಗಲಿಲ್ಲ. ಅಂಗಳದಲ್ಲೇ ಇದೆ, ಮಧ್ಯಾಹ್ನ ವೈನಿ ಅದರಲ್ಲಿ ಅಡ್ಡಾಗುತ್ತಾರೆ.

ಸಾರುವ ಕೆಲಸ ಮಾತ್ರ ಅವರು ಬಿಡಲಿಲ್ಲ. ಅವರ ಓಣಿಯ ಒಂದು ಮನೆಯ ಸೊಸೆ ರೇಣುಕಾ ಬ್ಯಾಟರಿ ಆಟೋ ಓಡಿಸುತ್ತಾಳೆ. ಅದರ ತಲೆಗೆ ಒಂದು ಭೋಂಗಾ ಕಟ್ಟಿಸಿಕೊಂಡರು. ನಾನು ಮೊಬೈಲಿನಲ್ಲಿ ಯಾವ ಚಿತ್ರದಲ್ಲೂ ಕಾಣದ ವಾಹನ ಅದು. ಅದು ಸದ್ದು ಮಾಡುವುದಿಲ್ಲವಾದ್ದರಿಂದ ಓಣಿಗೊಮ್ಮೆ ನಿಲ್ಲಬೇಕಿಲ್ಲ; ವೈನಿ ತಮ್ಮ ಸಣ್ಣ ದನಿಯಲ್ಲೇ ಹೇಳಿಕೊಂಡು ಹೋಗುತ್ತಾರೆ, ಅಡುಗೆಮನೆಯಲ್ಲಿದ್ದ ಸುಮಿತ್ರಾಳಿಗೂ ಕೇಳುತ್ತದೆ.

ಈರಣ್ಣನ ವರ್ಷದ ಪುಣ್ಯಸ್ಮರಣೆ ಬಂತು. ಪ್ರಸಾದಕ್ಕೆ ಊರನ್ನು ಕರೆಯಬೇಕು. ಆಟೋದಲ್ಲಿ ಆಂಪ್ಲಿಫೈಯರ್ ಡಬ್ಬಿ ಹಿಡಿದು ಕೂರಲು ಒಬ್ಬರು ಬೇಕೆಂದು ವೈನಿ ನನ್ನನ್ನು ಕರೆದರು. ಕರೆಂಟಿನ ಗಾಡಿಯ ಬಗ್ಗೆ ಇಷ್ಟು ವರ್ಷ ಭಾಷಣ ಮಾಡಿದ ನಾನು ಅಂಥದೊಂದರಲ್ಲಿ ಕುಳಿತದ್ದು ಅದೇ ಮೊದಲು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಈಗ ಚಾಲೂ ಮಾಡುತ್ತಾಳೆ, ಈಗ ಮಾಡುತ್ತಾಳೆ ಎಂದು ಕಾದು ಕುಳಿತೆ.

"ಇನ್ನ ಹೊರಡೋಣೇನವಾ ರೇಣುಕಾ?"

"ಸರ್, ನಿಮ್ಮ ಮನಿ ಹಿಂದ ಹೋಗಿ ಯಾವಾಗೋ ಆತ್ರಿ" ಎಂದು ನಕ್ಕಳು.

ನಮ್ಮ ಓಣಿಯ ಮೊದಲ ತಿರುವಿನಲ್ಲಿ ವೈನಿ ಮೈಕು ಎತ್ತಿದರು. "ಕುಂದಗೋಳದ ಸಮಸ್ತ ಗುರುಹಿರಿಯರಲ್ಲಿ ವಿನಂತಿ. ನಾಳೆ ಮಧ್ಯಾಹ್ನ ನಮ್ಮ ಮನಿಯೊಳಗ ಲಿಂಗೈಕ್ಯ..." ಎಂದವರು ನಿಂತರು. ಭೋಂಗಾ ಸುಮ್ಮನಾಯಿತು. ಬಾಗಿಲುಗಳಲ್ಲಿ ಜನ ನಿಂತು ನೋಡುತ್ತಿದ್ದರು. ವೈರು ಸಡಿಲಾಗಿದೆ ಎಂದುಕೊಂಡು ನಾನು ಡಬ್ಬಿಯನ್ನು ಅಲ್ಲಾಡಿಸಿದೆ, ಕಿವಿ ಹಿಂಡಿದಂತೆ ಗುಂಡಿ ತಿರುವಿದೆ, ವೈರು ಹಿಡಿದು ಜಗ್ಗಿದೆ. ಅವರ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬುದು ವಿಜ್ಞಾನದ ಮಾಸ್ತರನಿಗೆ ಹೊಳೆಯಲೇ ಇಲ್ಲ.

"ವೈರ್ ಚಲೋ ಐತ್ರಿ ಮಾಸ್ತರ" ಎಂದರು ವೈನಿ, ಮೈಕಿನಲ್ಲೇ, ಇಡೀ ಓಣಿಗೆ ಕೇಳುವಂತೆ. "ತಡೀರಿ ಒಂದೀಟು."

ನಾನು ವೈರು ಬಿಟ್ಟೆ. ಅವರು ಉಸಿರು ತೆಗೆದುಕೊಂಡು ಅವನ ಹೆಸರು ಹೇಳಿದರು.