ಮುತ್ಯಾನ ದಾರಿಗೆ ಎರಡು ಬಣ್ಣದ ಹೆಜ್ಜೆ ಬರೆಸಿದವರಿಗೆ

‘ಸೌಹಾರ್ದ ನಡಿಗೆ’ ಸಂಸ್ಥೆಯ ಘನ ಸಂಚಾಲಕರ ಸನ್ನಿಧಾನಕ್ಕೆ,

ಮಾನ್ಯರೇ,

ಆಳಂದ ತಾಲ್ಲೂಕಿನ ನಿಂಬರ್ಗಾದಿಂದ ಆಚೆ, ಬಸ್ಸು ಕೂಡ ಮನಸ್ಸು ಬಂದರೆ ಮಾತ್ರ ನಿಲ್ಲುವ ನಮ್ಮ ಸಣ್ಣ ಊರಿನ ಸಮಸ್ತರ ಪರವಾಗಿ, ಎಂದರೆ ಯಾರನ್ನೂ ಕೇಳದೆ ನನ್ನೊಬ್ಬಳ ಪರವಾಗಿ, ತಮಗೆ ಶರಣು, ಸಲಾಮು, ಜೈಭೀಮ್ ಮೂರನ್ನೂ ಸಲ್ಲಿಸುತ್ತೇನೆ. ಇವುಗಳಲ್ಲಿ ತಮಗೆ ಒಪ್ಪುವುದನ್ನು ಇಟ್ಟುಕೊಂಡು ಉಳಿದವನ್ನು ದಯವಿಟ್ಟು ವಾಪಸು ಕಳಿಸಬೇಕು. ಇಲ್ಲಿ ದಿನವೂ ಬಳಕೆಗೆ ಬೇಕಾಗುತ್ತವೆ.

ತಾವು ಬರುವ ತನಕ ನಾವು ಎಂಥ ಅಜ್ಞಾನದಲ್ಲಿದ್ದೆವೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ಊರ ಹೊರಗಿನ ಬೇವಿನ ಮರದ ಕೆಳಗೆ ಮಲಗಿರುವ ಹಿರಿಯರು ಶರಣರೋ ವಲಿಯೋ ಎಂದು ಕೇಳುವ ಬುದ್ಧಿ ನಮ್ಮ ಹಿಂದಿನವರಿಗೆ ಹೊಳೆಯಲಿಲ್ಲ. ‘ಮುತ್ಯಾ’, ಎಂದರೆ ಅಜ್ಜ, ಅಂದರು, ಸುಮ್ಮನಾದರು. ಕೆಲವರು ಗದ್ದುಗೆಗೆ ಕಾಯಿ ಒಡೆದರು, ಕೆಲವರು ಚಾದರ ಹೊದಿಸಿದರು, ಮನೆಯಲ್ಲಿ ಕೂಸಿಗೆ ಜ್ವರ ಬಂದವರು ಎರಡನ್ನೂ ಮಾಡಿದರು. ಮುತ್ಯಾನೂ ಯಾರನ್ನೂ ನೀನು ಯಾವ ಪೈಕಿ ಎಂದು ಕೇಳಿದ್ದು ನಮಗೆ ಗೊತ್ತಿಲ್ಲ.

ಈ ಕತ್ತಲೆಗೆ ದೀಪ ಹಿಡಿದವರು ತಮ್ಮ ಮಾರ್ಗದರ್ಶಕರಾದ ಶ್ರೀ ಸಂಕೇತ ಅವರು. ಗುರುವಾರಕ್ಕೊಮ್ಮೆ ಕಲಬುರಗಿಯಿಂದ ಟೋಪಿ, ನೀರಿನ ಬಾಟಲಿ, ಕ್ಯಾಮೆರಾಗಳ ಸಮೇತ ಮಂದಿಯನ್ನು ಕರೆತಂದು, ಕೊರಳಿನ ಮೈಕಿನಲ್ಲಿ ನಮ್ಮ ಊರನ್ನು ನಮಗೇ ಪರಿಚಯಿಸುವ ಅವರು, ಊರಬಾಗಿಲ ಅಗಸಿಯಿಂದ ಗದ್ದುಗೆಯವರೆಗಿನ ಒಂದೇ ದಾರಿಯ ನಟ್ಟನಡುವೆ ಬಿಳಿ ಗೆರೆ ಎಳೆಸಿ, ಎಡಕ್ಕೆ ಕೇಸರಿ ಹೆಜ್ಜೆ, ಬಲಕ್ಕೆ ಹಸಿರು ಹೆಜ್ಜೆ ಬರೆಸಿದರು. ‘ಎರಡು ಧರ್ಮಗಳ ದಾರಿ ಈ ಬೇವಿನ ನೆರಳಿನಲ್ಲಿ ಒಂದಾಗುತ್ತದೆ’ ಎಂದು ಅವರು ಹೇಳಿದಾಗ ಬಂದವರ ಕಣ್ಣು ಒದ್ದೆಯಾದವು. ಒಂದಾಗಿದ್ದುದನ್ನು ಒಂದು ಮಾಡಬೇಕಾದರೆ ಮೊದಲು ಅದನ್ನು ಎರಡು ಮಾಡಬೇಕೆಂಬ ಈ ಸೂಕ್ಷ್ಮ ಆಳಂದದ ಕಡೆ ಯಾರ ತಲೆಗೂ ಹೋಗಿರಲಿಲ್ಲ.

ನನ್ನ ದೂರು ಚಿಕ್ಕದು. ನನ್ನ ಅವ್ವ ಸಕ್ಕುಬಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಆಪರೇಶನ್ ಮಾಡಿಸಿಕೋ ಎಂದು ದುಂಬಾಲು ಬಿದ್ದರೆ, ‘ನೋಡೋದೆಲ್ಲಾ ನೋಡೇನಿ ಬಿಡವಾ’ ಎನ್ನುತ್ತಾಳೆ. ಗುರುವಾರ ಮಾತ್ರ ಗೋಡೆಯಾಚೆಯ ಮನೆಯ ಮುಮತಾಜ ಖಾಲಾಳ ಕೈ ಹಿಡಿದು ಗದ್ದುಗೆಗೆ ಹೋಗುತ್ತಾಳೆ. ಚಪಾತಿ ಮುರಿದು ಬೆಲ್ಲ ಕಲಸಿದ ಮಾಲ್ದಿ ಒಂದು ವಾರ ನಮ್ಮ ಮನೆಯದು, ಮರುವಾರ ಅವರ ಮನೆಯದು. ಯಾರ ಮನೆಯದಾದರೂ ಮಾಲ್ದಿ ತುಂಬಿದ ಪರಾತ ಹೊರುವುದು ಅವ್ವ, ದಾರಿ ನೋಡುವುದು ಖಾಲಾ. ನನಗೆ ತಿಳಿವಳಿಕೆ ಬಂದಾಗಿನಿಂದ ಇದೇ ನಡೆದಿದೆ.

ತಮ್ಮ ಸಂಕೇತ ಅವರು ಈ ಜೋಡಿಯನ್ನು ಕಂಡು ಅತ್ಯಂತ ಗೌರವದಿಂದ ಬಿಡಿಸಿದರು. ಖಾಲಾಳನ್ನು ಹಸಿರು ಹೆಜ್ಜೆಗೆ ಕಳಿಸಿ, ಅವ್ವನ ಕೈಯಲ್ಲಿ ಹಸಿರು ಬಳೆ ಕಂಡು ಅವಳನ್ನು ಕೇಸರಿಯ ಮೇಲೆ ನಿಲ್ಲಿಸಿದರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇರುವುದು ಪಾಪ ಅವರಿಗೇನು ಗೊತ್ತು. ‘ಸಾಹೇಬ್ರ, ನನಗ ಬಣ್ಣ ಕಾಣಂಗಿಲ್ರಿ, ಅಕಿ ಕೈ ಒಂದ ಗೊತ್ತಾಗ್ತದ’ ಎಂದು ಅವ್ವ ಅಂದದ್ದನ್ನು ಅವರು ಮೈಕಿನಲ್ಲಿ ಇನ್ನೊಮ್ಮೆ ಹೇಳಿ ಚಪ್ಪಾಳೆ ಹೊಡೆಸಿದರೇ ಹೊರತು ಕೈ ಮಾತ್ರ ಕೊಡಲಿಲ್ಲ. ಅವ್ವ ಕಾಲಿನಿಂದ ತಡಕಾಡುತ್ತಾ ಹೋಗಿ ಎಡವಿ ಕೂತಳು. ಮಾಲ್ದಿಯೆಲ್ಲ ಮಣ್ಣುಪಾಲಾಯಿತು. ಇರುವೆಗಳು ಎರಡೂ ಬಣ್ಣ ದಾಟಿ ಬಂದು ತಿಂದವು.

ಆಮೇಲೆ ಬೇವಿನ ಕೆಳಗೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಈಗ ಕೈ ಹಿಡಿಯಿರಿ ಎಂದು ಫೋಟೊಕ್ಕೆ ಅಣಿಯಾದರಲ್ಲ, ಆಗ ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ‘ಮೊದಲ ಹಿಡಿದಿದ್ದು ಇದೇ ಕೈ ಅಲ್ಲೇನ್ರಿ? ಬಿಡಿಸಿದವ್ರೂ ನೀವ, ಕೂಡಿಸಿದ ಹೆಸರೂ ನಿಮಗ?’ ಅದಕ್ಕೂ ಚಪ್ಪಾಳೆ ಬಿತ್ತು.

ಅಂದಿನಿಂದ ಅವ್ವ ಗದ್ದುಗೆಗೆ ಹೋಗಿಲ್ಲ. ಗುರುವಾರ ಬಂತೆಂದರೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಹೊಸ್ತಿಲಲ್ಲಿ ಕೂರುತ್ತಾಳೆ. ಖಾಲಾ ಬಾಗಿಲ ತನಕ ಬಂದು, ದಾರಿಯಲ್ಲಿ ನಿಂತ ತಮ್ಮ ಸಂಸ್ಥೆಯವರನ್ನು ನೋಡಿ, ‘ಪರಸ್ಥಳದ ಮಂದಿ ಮುಂದ ಜಗಳ ಬ್ಯಾಡ ಸಕ್ಕು’ ಎಂದು ಹೊರಳಿ ಹೋಗುತ್ತಾಳೆ. ನನಗೆ ಸಿಟ್ಟು ಬಂದಿದೆ, ಮಾನ್ಯರೇ. ಇಷ್ಟು ವಿನಯದ ನಡುವೆ ಇದೊಂದು ವಾಕ್ಯವನ್ನು ಮನ್ನಿಸಬೇಕು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಕೆಲಸ ಅರ್ಧಕ್ಕೆ ಬಿಡಬಾರದು. ನಮ್ಮ ಪೈಕಿಯವರಿಗೆ ನೀಲಿ ಹೆಜ್ಜೆ ಬರೆಸಬೇಕು. ಪರೀಕ್ಷೆಯ ತಿಂಗಳಲ್ಲಿ ಮಾತ್ರ ಭಕ್ತಿ ಹುಟ್ಟುವ ನನ್ನ ಅಣ್ಣನ ಮಗ ಜಗದೇವನಿಗೆ ಬೇಗ ಅಳಿಸಿ ಹೋಗುವ ಬಣ್ಣ ಸಾಕು. ಬರೀ ನೆರಳಿಗೆ ಬಂದು ಮಲಗುವವರಿಗೆ ಮಲಗಿದ ಆಕಾರವನ್ನೇ ಬರೆಸಬಹುದು. ಬೇವಿನ ನೆರಳು ಮಧ್ಯಾಹ್ನ ಹಸಿರಿನ ಕಡೆ ಹೆಚ್ಚು ಬೀಳುವುದರಿಂದ ಸೂರ್ಯನಿಗೆ ಒಂದು ಸೂಚನಾ ಪತ್ರ ಕಳಿಸಬೇಕು. ಮುತ್ಯಾನನ್ನೂ ಎಬ್ಬಿಸಿ, ಈ ಊರಿಗೆ ಯಾವ ಹೆಜ್ಜೆಯ ಮೇಲೆ ಬಂದಿರೆಂದು ಮೈಕಿನಲ್ಲಿ ಹೇಳಿಸಬೇಕು.

ಇವೆಲ್ಲ ತಮಗೆ ಕಷ್ಟವೆನಿಸಿದರೆ, ಇಬ್ಬರು ಮುದುಕಿಯರು ಕೈ ಹಿಡಿದು ನಡೆಯುವಷ್ಟು ಅಗಲಕ್ಕೆ ಬಣ್ಣ ಒರೆಸಿಕೊಟ್ಟರೂ ಸಾಕು. ಅರಿವೆ, ಸೀಮೆಎಣ್ಣೆ ನಮ್ಮ ಕಡೆಯಿಂದ.

ಬಿಳಿ ಗೆರೆಯ ಮೇಲೆ ನಿಂತು ಕೈಮುಗಿಯುವ
ತಮ್ಮ ವಿಶ್ವಾಸಿ,
ಯಶೋಧರಾ, ಸಕ್ಕುಬಾಯಿಯ ಮಗಳು

ತಾ.ಕ.: ಈ ಪತ್ರ ಅಂಚೆಗೆ ಹಾಕುವ ಮೊದಲೇ ಒಂದು ಗುರುವಾರ ಬಂದು ಹೋಯಿತು. ಖಾಲಾ ಈ ಸಲ ಹಿತ್ತಲ ಬಾಗಿಲಿಗೆ ಬಂದು ಅವ್ವನ ಕೈ ಹಿಡಿದಳು. ಇಬ್ಬರೂ ಸಿದ್ದಲಿಂಗನ ತೊಗರಿ ಹೊಲದ ನಡುವೆ ಗದ್ದುಗೆಗೆ ಹೋಗಿ ಬಂದರು. ‘ನಡೀರಿ ಯವ್ವಾ, ಒಂದು ಸಾಲು ತೊಗರಿ ಹೋದ್ರ ಏನಾಗ್ತದ’ ಎಂದು ಸಿದ್ದಲಿಂಗ ತಾನೇ ಒಂದು ಸಾಲು ಕಿತ್ತು, ಇಬ್ಬರು ಜೋಡಿಯಾಗಿ ನಡೆಯುವಷ್ಟು ಜಾಗ ಮಾಡಿಕೊಟ್ಟಿದ್ದಾನೆ. ಆ ದಾರಿಗೆ ಇನ್ನೂ ಬಣ್ಣವಿಲ್ಲ. ತಮ್ಮವರು ಡಬ್ಬಿ, ಬ್ರಶ್ಶು ಹಿಡಿದು ಧಾರಾಳವಾಗಿ ಬರಬಹುದು. ಹೊಲದಲ್ಲಿ ಸಿದ್ದಲಿಂಗನ ನಾಯಿ ಇದೆ. ಅದೂ ನಮ್ಮ ಅವ್ವನ ಹಾಗೆಯೇ, ಬಣ್ಣ ನೋಡುವುದಿಲ್ಲ. ಮೀನಖಂಡ ಯಾರದಾದರೂ ಅದಕ್ಕೆ ಒಂದೇ.