ಲೋಡ್ ಆಗುವಷ್ಟು ಹೊತ್ತು

ಐವತ್ತು ದಾಟಿದ ಹೆಂಗಸು ಸಂಜೆ ದೀಪ ಹಚ್ಚಿದ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆ ಲೋಕಕ್ಕೆ ಖಚಿತವಾದ ಅಭಿಪ್ರಾಯಗಳಿವೆ. ಧಾರಾವಾಹಿ ನೋಡಬಹುದು, ಸೊಪ್ಪು ಬಿಡಿಸಬಹುದು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಬಹುದು, ಪಕ್ಕದ ಮನೆಯ ಸೊಸೆಯ ಬಗ್ಗೆ ಮರುಕಪಡಬಹುದು. ಕುದುರೆ ಸವಾರಿ ಮಾಡಬಹುದು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ನಾನು ಮಾಡುತ್ತೇನೆ, ಮಂಡ್ಯದ ನಮ್ಮ ಮನೆಯ ನಡುಮನೆಯಲ್ಲಿ, ನೈಟಿಯ ಮೇಲೊಂದು ಟವೆಲ್ ಹೊದ್ದು, ಕಂಪ್ಯೂಟರಿನ ಮುಂದೆ ಕೂತು. ಮದ್ದೂರಿನ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಹೇಳುವವಳು. ಈ ಸಂಗತಿ ಗೊತ್ತಾದರೆ ಹುಡುಗರಿಗೆ ನನ್ನ ಮೇಲಿರುವ ಭಯ ಹೋಗಿ ಗೌರವ ಬಂದುಬಿಡಬಹುದೆಂದು ಹೆದರಿ ಇಷ್ಟು ದಿನ ಗುಟ್ಟಾಗಿಟ್ಟಿದ್ದೆ.

ಆ ಆಟದಲ್ಲಿ ಮಾಡಲು ಬೇಕಾದಷ್ಟು ಘನಕಾರ್ಯಗಳಿವೆಯಂತೆ. ದರೋಡೆಕೋರರನ್ನು ಅಟ್ಟಬೇಕು, ಕೋಟೆ ಹತ್ತಬೇಕು. ನಾನು ಇದ್ಯಾವುದಕ್ಕೂ ಕೈ ಹಾಕಿದವಳಲ್ಲ. ಕುದುರೆ ಹತ್ತಿ, ಬೆಟ್ಟದ ಬುಡದಲ್ಲಿರುವ ಒಂದು ಕೆರೆಗೆ ಹೋಗಿ, ಇಳಿದು, ಸುಮ್ಮನೆ ನಿಲ್ಲುತ್ತೇನೆ. ಅಲ್ಲಿ ಹೊತ್ತು ಮುಳುಗುತ್ತದೆ. ಕೆರೆಯ ಆಚೆ ದಡದಲ್ಲಿ ಯಾವುದೋ ಹಕ್ಕಿ ಕೂಗುತ್ತದೆ. ಅಷ್ಟೇ ನನ್ನ ಆಟ.

ಅದನ್ನು ನನ್ನ ಪಕ್ಕದಲ್ಲಿ ಕೂತು ನೋಡುವವರು ನಮ್ಮತ್ತೆ. ಮಂಡಿನೋವು ಶುರುವಾದ ಮೇಲೆ ತಮ್ಮ ಹಳ್ಳಿ ಹೊಳಲಿನಿಂದ ನಮ್ಮ ಜೊತೆಗೆ ಬಂದವರು. ಎಲೆಅಡಿಕೆ ತಟ್ಟೆ ಹಿಡಿದು ಕುರ್ಚಿ ಎಳೆದುಕೊಂಡರೆಂದರೆ ಅವರ ಚಿಂತೆಯೆಲ್ಲ ಕುದುರೆಯದು. "ಅದುನ್ನ ಒಸಿ ಮೇಯಕ್ ಬುಡವ್ವ, ಅದ್ಕೂ ಒಟ್ಟೆ ಇಲ್ವಾ?" ಎನ್ನುತ್ತಾರೆ. ದಾರಿಯ ಪಕ್ಕದಲ್ಲಿ ಒಬ್ಬ ಗಾಯಾಳು ಸಹಾಯಕ್ಕೆ ಕೂಗುತ್ತಿರುತ್ತಾನೆ. ಅವನನ್ನು ಮಾತಾಡಿಸಿದರೆ ಅವನ ಶತ್ರುಗಳ ಜೊತೆ ಹೊಡೆದಾಡಬೇಕಾಗುತ್ತದೆಂದು ನಾನು ಮುಖ ತಿರುಗಿಸಿ ಹೋಗುತ್ತೇನೆ. ಅತ್ತೆಗೆ ಇವತ್ತಿಗೂ ಅದು ಸರಿಬಂದಿಲ್ಲ.

ನಮ್ಮ ಹಳೆಯ ಕಂಪ್ಯೂಟರು ನಿಧಾನಸ್ಥ. ಆಟವನ್ನು ಒತ್ತಿದರೆ ಪರದೆ ಕಪ್ಪಗಾಗಿ, ಕೆಳಗೊಂದು ಗೆರೆ ತೆವಳಲು ಶುರುವಾಗುತ್ತಿತ್ತು. ಆ ಹೊತ್ತಿನಲ್ಲಿ ಅತ್ತೆ ಒಂದು ಕತೆ ತೆಗೆಯುತ್ತಿದ್ದರು. ಮದುವೆಯಾದ ಹೊಸತು, ಸಾರಿಗೆ ಉಪ್ಪು ಜಾಸ್ತಿಯಾಗಿ, ಅವರ ಅತ್ತೆ ಏನೋ ಅಂದು, ಇವರು ರೋಷಕ್ಕೆ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಮಳವಳ್ಳಿಯ ತವರಿಗೆ ಹೊರಟ ಕತೆ. ಹೊಳಲಿನಿಂದ ಮಂಡ್ಯಕ್ಕೆ ನಡೆದು, ಬಸ್ ನಿಲ್ದಾಣದಲ್ಲಿ ಅಳುತ್ತಾ ನಿಂತು, "ಅಸ್ಟೊತ್ಗೆ ಬಸ್ಸು ಬಂತು ಕಣವ್ವ" ಎನ್ನುವಷ್ಟರಲ್ಲಿ ಸರಿಯಾಗಿ ಕೆರೆ ಬಂದುಬಿಡುತ್ತಿತ್ತು. ಇಬ್ಬರೂ ಕೆರೆಯ ಕಡೆ ತಿರುಗುತ್ತಿದ್ದೆವು. ಮಾರನೆಯ ದಿನ ಕತೆ ಮತ್ತೆ ಉಪ್ಪಿನಿಂದಲೇ ಶುರು. ಬಸ್ಸಿನಿಂದಾಚೆ ಅದು ಹೋದದ್ದೇ ಇಲ್ಲ.

ಹೀಗೆ ಸುಖವಾಗಿದ್ದವಳು ಒಂದು ದಿನ ಫೋನಿನಲ್ಲಿ ಅದೇ ಕೆರೆಯ ವಿಡಿಯೊ ನೋಡಿಬಿಟ್ಟೆ. ಯಾರದೋ ಒಳ್ಳೆಯ ಕಂಪ್ಯೂಟರಿನಲ್ಲಿ ತೆಗೆದದ್ದು. ಅಲ್ಲಿ ಹುಲ್ಲು ಎಸಳೆಸಳಾಗಿ ಗಾಳಿಗೆ ಬಾಗುತ್ತಿತ್ತು. ನೀರಿನಲ್ಲಿ ಮೋಡ ತೇಲುತ್ತಿತ್ತು. ನನ್ನ ಕೆರೆ ತಗಡಿನ ಹಾಗೆ, ನನ್ನ ಹುಲ್ಲು ಒಣಗಲು ಹಾಕಿದ ಹಸಿರು ಟವೆಲ್ಲಿನ ಹಾಗೆ ಇತ್ತು ಎನ್ನುವುದು ಆಗ ಹೊಳೆಯಿತು. ಅಂದಿನಿಂದ ಮನಸ್ಸು ಆ ಹುಲ್ಲಿನಲ್ಲೇ ನೆಟ್ಟುಹೋಯಿತು.

ಪುಟ್ಟಸ್ವಾಮಿಯ ಕಂಪ್ಯೂಟರ್ ಅಂಗಡಿಗೆ ಹೋಗಿ, ಚಿತ್ರ ಚೆನ್ನಾಗಿ ಬಿಡಿಸುವ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡಿ ಎಂದೆ. ಯಾವುದನ್ನೂ ಇಲ್ಲ ಎನ್ನದ ಮನುಷ್ಯ ಆತ.

"ಆಕ್ಬೋದು ಮೇಡಮ್. ಆದ್ರೆ ನಿಮ್ ಪ್ರೊಸೆಸರು ಹಳೇದು. ಅದು ಲೆಕ್ಕ ಮಾಡಿ ಕೊಡೋಗಂಟ ಕಾರ್ಡು ಸುಮ್ನೆ ಕಾಯ್ಕಂಡ್ ಕೂತಿರ್ತದೆ."

"ಹಾಗಾದರೆ ಪ್ರೊಸೆಸರೂ ಹಾಕಿ."

"ಆಕ್ಬೋದು. ಅದು ಈ ಮದರ್‌ಬೋರ್ಡ್ ಮೇಲೆ ಕೂರಕಿಲ್ಲ."

"ಬೋರ್ಡೂ ಹಾಕಿ."

"ಆಕ್ಬೋದು. ಹಳೆ ರ್‍ಯಾಮು ಅದ್ಕೆ ಆಗಕಿಲ್ವಲ್ಲ ಮೇಡಮ್. ಎಲ್ಲಾ ಹೊಸ್ದು ಆಕುದ್ರೂವೆ ಕರೆಂಟ್ ಕೊಡೋ ಪವರ್ ಸಪ್ಲೈ ಸಾಕಾಗಕಿಲ್ಲ."

ಸರಿ, ಚಿಕ್ಕ ಕಾರ್ಡೇ ಸಾಕು ಎಂದರೆ, ಆಗ ಒಳ್ಳೆಯ ಪ್ರೊಸೆಸರು ದಂಡ. ಪ್ರೊಸೆಸರನ್ನು ಒಂದು ಮೆಟ್ಟಿಲು ಇಳಿಸಿದರೆ, ಈಗ ಕಾರ್ಡು ಸ್ವಲ್ಪ ಜಾಸ್ತಿಯಾಯಿತು. ನಮ್ಮ ಮನೆಯವರು ಊಟಕ್ಕೆ ಕೂತರೂ ಹೀಗೆಯೇ. ಮುದ್ದೆ ಮುಗಿದು ತಟ್ಟೆಯಲ್ಲಿ ಸಾರು ಉಳಿಯುತ್ತದೆ. ಸಾರು ಉಳಿಯಿತಲ್ಲ ಎಂದು ಅರ್ಧ ಮುದ್ದೆ ಹಾಕಿಸಿಕೊಳ್ಳುತ್ತಾರೆ. ಈಗ ಸಾರು ಮುಗಿದು ಮುದ್ದೆ ಉಳಿಯುತ್ತದೆ. ಒಂದು ಸೌಟು ಸಾರು ಬೇಕು. ಎರಡೂ ಒಟ್ಟಿಗೆ ಮುಗಿದದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿಲ್ಲ. ಪಾತ್ರೆ ಖಾಲಿಯಾದಾಗಲೇ ಅವರು ಏಳುವುದು. ಒಂದಿಲ್ಲದೆ ಇನ್ನೊಂದು ಉಪಯೋಗಕ್ಕೆ ಬಾರದ ಸರಕುಗಳ ಬಗ್ಗೆ ನಾನು ವರ್ಷವರ್ಷವೂ ಪಾಠ ಮಾಡಿದ್ದೇನೆ. ಮಕ್ಕಳು ನಿದ್ದೆ ಮಾಡುತ್ತಿದ್ದುದು ಹಾಗಿರಲಿ, ನಾನೇ ಅದನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಈ ಲೋಕದಲ್ಲಿರಲಿಲ್ಲ. ರೈಲಿನಲ್ಲಿ ಕಾಲೇಜಿಗೆ ಹೋಗುವಾಗಲೂ ಮನಸ್ಸಿನಲ್ಲೇ ಕಾರ್ಡು, ಪ್ರೊಸೆಸರುಗಳನ್ನು ಜೋಡಿಸಿ ಬಿಚ್ಚುತ್ತಿದ್ದೆ. ಕಿಟಕಿಯಾಚೆ ಕಬ್ಬಿನ ತುದಿಯ ಸೂಲಂಗಿ ಹೂವು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಭತ್ತದ ಗದ್ದೆಯ ಮೇಲೆ ಗಾಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡೆದುಹೋಗುತ್ತಿತ್ತು, ಯಾವ ಕಾರ್ಡಿನ ಹಂಗೂ ಇಲ್ಲದೆ. ಹುಲ್ಲು ಹೀಗೆ ಬಾಗಬೇಕು, ನನ್ನ ಕೆರೆಯ ಹುಲ್ಲು, ಎಂದುಕೊಳ್ಳುತ್ತಾ ಕೂತವಳಿಗೆ ಮದ್ದೂರು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಚನ್ನಪಟ್ಟಣದಲ್ಲಿ ಇಳಿದು, ಮೈಸೂರು ಕಡೆಯ ಬಸ್ಸು ಹತ್ತಿ, ನಿಡಘಟ್ಟದ ಮೇಲೆ ವಾಪಸು ಬಂದೆ. ಬೆಳಗಿನ ಮೊದಲ ತರಗತಿಯ ಮಕ್ಕಳು ಅಂದು ತುಂಬ ಸಂತೋಷವಾಗಿದ್ದರಂತೆ.

ಕೊನೆಗೆ ಪುಟ್ಟಸ್ವಾಮಿಯೂ ನಾನೂ ಒಂದು ಹದಕ್ಕೆ ಬಂದೆವು. ಮಧ್ಯಮ ಕಾರ್ಡು, ಅದಕ್ಕೆ ಒಪ್ಪುವ ಮಧ್ಯಮ ಪ್ರೊಸೆಸರು, ಎರಡಕ್ಕೂ ಹೊಂದುವ ಬೋರ್ಡು. ಎಲ್ಲ ಜೋಡಿಸಿ ಆತ ಹಳೆಯ ಹಾರ್ಡ್ ಡಿಸ್ಕನ್ನು ಕೈಯಲ್ಲಿ ಹಿಡಿದುಕೊಂಡ. "ಇದೊಂದು ಉಳ್ಕಂಡದೆ ನೋಡಿ. ಆಟ ಇದ್ರೊಳಗಿಂದ ಈಚೆಗೆ ಬರೋಗಂಟ ಎಲ್ಲಾವೂ ಇದಕ್ಕೇ ಕಾಯ್ತವೆ." ಅದನ್ನೂ ಬದಲಿಸಿ ವೇಗದ್ದು ಹಾಕಿಸಿದೆ. "ಈಗ ಯಾವ್ದೂ ಯಾವ್ದಕ್ಕೂ ಕಾಯಂಗಿಲ್ಲ ಮೇಡಮ್" ಎಂದ. ಬೇಡ ಬೇಡವೆಂದರೂ ಕೇಳದೆ, ನನ್ನ ಮೇಲಿನ ಅಭಿಮಾನಕ್ಕೆ, ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಬಣ್ಣ ಬದಲಾಯಿಸುವ ದೀಪಗಳನ್ನೂ ಕೂರಿಸಿದ. ಕಂಪ್ಯೂಟರ್ ಹಚ್ಚಿದರೆ ಸಾಕು, ನಡುಮನೆ ಆರ್ಕೆಸ್ಟ್ರಾ ವೇದಿಕೆಯಾಗುತ್ತಿತ್ತು. ಅತ್ತೆ ಅದಕ್ಕೆ ಕುಂಕುಮ ಇಟ್ಟು ಕೈಮುಗಿದರು.

ಆಟವನ್ನು ಒತ್ತಿದೆ. ಅತ್ತೆ ಎಲೆಗೆ ಸುಣ್ಣ ಸವರುತ್ತಾ "ಮದ್ವೆಯಾದ ಒಸದ್ರಲ್ಲಿ" ಎಂದರು. ಅಷ್ಟರಲ್ಲಿ ಕೆರೆ ಬಂದೇಬಿಟ್ಟಿತ್ತು.

ಎಂಥ ಕೆರೆ! ಹುಲ್ಲು ಬಾಗಿತು, ಎದ್ದಿತು. ಮೋಡ ನೀರಿಗಿಳಿಯಿತು. ನನ್ನ ಕಣ್ಣು ತುಂಬಿಬಂತು, ಸುಳ್ಳಲ್ಲ. ಅತ್ತೆಯೂ "ಆಹಾ, ಇದು ಮೇವು ಅಂದ್ರೆ" ಎಂದು ಕುದುರೆಯ ಪರವಾಗಿ ಸಂತೋಷಪಟ್ಟರು. ಆದರೆ ಕೆಲವು ಸಂಜೆಗಳು ಕಳೆಯುವಷ್ಟರಲ್ಲಿ ಅವರು ನಡುಮನೆಗೆ ಬರುವುದು ತಪ್ಪಿತು. ಕರೆದರೆ, "ನೀನು ಆಡ್ಕೊ ಓಗವ್ವ. ನಾನು ಮಾತಾಡುದ್ರೆ ನಿಂಗೆ ಅಡ್ಡಿ" ಎಂದು ಒಳಗಿನ ಕೋಣೆಯಲ್ಲೇ ಕೂತರು. ನಾನು ಕೆರೆಯ ದಡದಲ್ಲಿ ಒಬ್ಬಳೇ ನಿಂತೆ. ಕುದುರೆ ಮೇಯಿತು. ಹೊತ್ತು ಮುಳುಗಿತು. ಅಷ್ಟು ಚೆಂದದ ಹುಲ್ಲು ನೋಡಿ ಬೇಜಾರಾಗುತ್ತದೆಂದು ನಾನು ಎಣಿಸಿರಲಿಲ್ಲ. ಅತ್ತೆಯಿಲ್ಲದೆ ಆ ಕೆರೆ ನನಗೆ ಬೇಡವಾಗಿತ್ತು.

ಒಂದು ಸಂಜೆ ಕಪ್ಪು ಪರದೆಯ ಮುಂದೆ ಕೂತು ಕೂಗಿದೆ: "ಅತ್ತೆ, ಬನ್ನಿ. ಯಾಕೋ ಲೋಡ್ ಆಗೋಕೆ ತುಂಬ ಹೊತ್ತು ತಗೋತಾ ಇದೆ."

ಬಂದರು. ಪರದೆ ನೋಡಿದರು, ಪೆಟ್ಟಿಗೆ ನೋಡಿದರು, ಕೂತರು. ಉಪ್ಪು ಬಂತು, ಸೀರೆ ಬಂತು, ಮಂಡ್ಯದ ದಾರಿ ಬಂತು. "ಅಸ್ಟೊತ್ಗೆ ಬಸ್ಸು ಬಂತು ಕಣವ್ವ" ಎಂದು ಅಭ್ಯಾಸದಂತೆ ನಿಲ್ಲಿಸಿದರು. ಕೆರೆ ಬರಲಿಲ್ಲ.

"ಆಮೇಲೆ?" ಎಂದೆ.

"ಆಮೇಲೇನು, ಬಸ್ಸು ಅತ್ತೋಣ ಅಂತ ಕಾಲೆತ್ತುದ್ರೆ ಇಂದ್ಗಡೆಯಿಂದ ಯಾರೋ ಸೆರಗು ಇಡ್ದು ಜಗ್ಗುದ್ರು. ತಿರುಗ್ ನೋಡುದ್ರೆ ನಮ್ಮತ್ತೆ! ಉಸ್ ಉಸ್ ಅಂತ ನಡ್ಕಂಡೇ ಬಂದವ್ಳೆ. 'ಉಪ್ಪು ಜಾಸ್ತಿ ಆಗದೆ ಅಂದೆ ಕಣಮ್ಮಿ, ಓಗು ಅಂತ ಅಂದ್ನಾ?' ಅಂದ್ಲು."

ಅತ್ತೆ ಎಲೆ ಮಡಿಸಿ ಬಾಯಿಗಿಟ್ಟು, ಪೆಟ್ಟಿಗೆಯ ಕಡೆ ಗದ್ದ ಎತ್ತಿ, "ಈಗ್ಲಾದ್ರೂ ಅದುನ್ನ ಆನ್ ಮಾಡವ್ವ. ಬಣ್ಣದ ಲೈಟು ಒಂದೂ ಉರೀತಿಲ್ಲ, ಲೋಡ್ ಆಯ್ತದಂತೆ!" ಎಂದರು.

"ಮೊದಲೇ ಗೊತ್ತಿತ್ತಾ? ಮತ್ತೆ ಯಾಕೆ ಕತೆ ಹೇಳಿದ್ರಿ?"

"ನೀನು ಕಾಯ್ಕಂಡ್ ಕೂತಿದ್ದಲ್ಲ, ಅದ್ಕೆ."

ಮಾರನೆಯ ದಿನ ಪುಟ್ಟಸ್ವಾಮಿಯ ಅಂಗಡಿಗೆ ಹೋಗಿ, ಆ ಹಳೆಯ ಹಾರ್ಡ್ ಡಿಸ್ಕ್ ಇನ್ನೂ ಇದೆಯೇ, ಆಟವನ್ನು ತಿರುಗಿ ಅದರೊಳಕ್ಕೆ ಹಾಕಿಕೊಡಬಹುದೇ ಎಂದು ಕೇಳಿದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಆಕ್ಬೋದು ಮೇಡಮ್. ಆದ್ರೆ ಎಲ್ಲಾವೂ ಅದ್ಕೆ ಕಾಯ್ಬೇಕಾಯ್ತದಲ್ಲ?"

"ಕಾಯಲಿ ಬಿಡಿ" ಎಂದೆ.