ಫಿಟ್ಟರ್ ಮನೆಯ ಹಗುರ ಸೈಕಲ್ಲು

ನಗಬೇಕೆಂದು ಕೂತರೆ ನಮ್ಮ ಮನೆಯಲ್ಲಿ ಯಾರಿಗೂ ನಗು ಬರುವುದಿಲ್ಲ. ನಗಬಾರದ ಹೊತ್ತು ನೋಡಿಕೊಂಡು ಏನಾದರೊಂದು ನಡೆದೇ ನಡೆಯುತ್ತದೆ. ನನ್ನ ಮಾವನವರ ತಿಥಿಯ ದಿನ ಕಾಗೆ ಪಿಂಡವನ್ನು ಬಿಟ್ಟು ಪುರೋಹಿತರ ಕನ್ನಡಕ ಎತ್ತಿಕೊಂಡು ಹೋದ ಮನೆ ಇದು. ಕನ್ನಡಕ ಸಿಗಲಿಲ್ಲ, ಮಾವನವರು ತೃಪ್ತರಾದರೋ ಇಲ್ಲವೋ ಅದೂ ತಿಳಿಯಲಿಲ್ಲ. ಹೋದ ವರ್ಷ ನಮ್ಮ ಮಗಳು ಕಾಯಿಲೆ ಬಿದ್ದಾಗಲೂ ಹಾಗೇ ಆಯಿತು.

ಖಾಲಿ ಪೆಟ್ಟಿಗೆ

ಮಗಳು ಇಲ್ಲೇ ಕಳಸದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಮೂವತ್ತೆಂಟು ವಯಸ್ಸು. ಮದುವೆ ಬೇಡವೆಂದವಳು, ಗುಡ್ಡದ ಮೇಲಿಂದ ಸೈಕಲ್ಲಿನಲ್ಲಿ ಇಳಿಯುವ ಹುಚ್ಚಿನವಳು. ಅತ್ತಿಗುಂಡಿ ಕಡೆಯ ಇಳಿಜಾರಿನಲ್ಲಿ ಒಮ್ಮೆ ಇಳಿಯಬೇಕು, ಅದಕ್ಕೆ ಹಿಂದೆ ಮುಂದೆ ಎರಡೂ ಕಡೆ ಕುಲುಕಾಟ ತಡೆಯುವ ಶಾಕ್ ಇರುವ ಸೈಕಲ್ಲು ಬೇಕು ಎಂದು ಎರಡು ವರ್ಷದಿಂದ ಹೇಳುತ್ತಿದ್ದಳು. ಪೂರ್ತಿ ಸೈಕಲ್ಲು ಕೊಳ್ಳಲು ಕೈಲಾಗದೆ, ಚೀನಾದಿಂದ ಅಗ್ಗದ ಕಾರ್ಬನ್ ಫ್ರೇಮ್ ಒಂದನ್ನು ತರಿಸಿದಳು. ಉಳಿದ ಸಾಮಾನನ್ನು ಹಳೇ ಸೈಕಲ್ಲಿನಿಂದ ಬಿಚ್ಚಿ ಹಾಕುವುದು, ಸಾಲದ್ದನ್ನು ತರಿಸುವುದು ಎಂದು ಲೆಕ್ಕ.

ಆ ಫ್ರೇಮ್ ಹೊತ್ತ ಕೊರಿಯರ್ ಗಾಡಿ ಬಂದದ್ದೂ, ಅವಳು ಮಂಗಳೂರಿನ ಆಸ್ಪತ್ರೆಯಿಂದ ರಿಪೋರ್ಟ್ ಹಿಡಿದುಕೊಂಡು ಬಸ್ ಇಳಿದದ್ದೂ ಒಂದೇ ಮಧ್ಯಾಹ್ನ. ಎದೆಯ ಗಂಟು ಬರೇ ಗಂಟಲ್ಲ ಎಂದು ಬರೆದಿತ್ತು. ಅವಳು ಅದನ್ನು ಹೇಳಿದಳು. ನಮ್ಮ ಯಜಮಾನರು ಎದ್ದುಹೋಗಿ ಪೆಟ್ಟಿಗೆಯನ್ನು ಎತ್ತಿದರು. ಕುದುರೆಮುಖದ ಕಬ್ಬಿಣದ ಗಣಿಯ ವರ್ಕ್‌ಶಾಪಿನಲ್ಲಿ ಇಡೀ ಸರ್ವಿಸು ಫಿಟ್ಟರ್ ಆಗಿದ್ದವರು. ಭಾರವಾದದ್ದನ್ನು ಎತ್ತುವ ಅಂದಾಜಿನಲ್ಲಿ ಎತ್ತಿದ್ದಕ್ಕೆ ಹಿಂದಕ್ಕೆ ವಾಲಿ ಗೋಡೆಗೆ ತಾಗಿದರು.

"ಖಾಲಿ ಪೆಟ್ಟಿಗೆ ಕಳಿಸಿದಾರೆ ಮಾರಾಯ್ತಿ."

ಬಿಚ್ಚಿದರೆ ಒಳಗೆ ಕಪ್ಪಗೆ ಫ್ರೇಮ್ ಇತ್ತು. ಬೆರಳ ಗೆಣ್ಣಿನಿಂದ ಕುಟ್ಟಿದರು. ಸ್ನಾನದ ಮನೆಯ ಬಕೆಟ್ಟಿನ ಸದ್ದು.

"ಪುಟ್ಟಿ, ಇದು ಪ್ಲಾಸ್ಟಿಕ್ಕು."

"ಕಾರ್ಬನ್ನು ಅಪ್ಪ. ಇದೇ ತೂಕದ ಕಬ್ಬಿಣಕ್ಕಿಂತ ಗಟ್ಟಿ."

ಅವರು ಫ್ರೇಮನ್ನು ಒಂದೇ ಬೆರಳಿನಲ್ಲಿ ತೂಗುಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಬೇಸರದಲ್ಲಿ ಕೇಳಿದರು: "ಹಾಗಾದ್ರೆ ನಾವು ಅಷ್ಟು ದೊಡ್ಡ ಗುಡ್ಡ ಅಗೆದದ್ದು ಎಂತಕ್ಕೆ?"

ಮಗಳ ಕೈಯಲ್ಲಿ ರಿಪೋರ್ಟ್ ಇತ್ತು. ಕಣ್ಣಲ್ಲಿ ನೀರಿತ್ತು. ನಕ್ಕುಬಿಟ್ಟಳು. ಅವರು ಮಾತ್ರ ನಗಲಿಲ್ಲ. "ಆಸ್ಪತ್ರೆಯದ್ದು ನೀನು ನೋಡ್ಕೊ. ಇದನ್ನ ನಾನು ಜೋಡಿಸ್ತೇನೆ" ಎಂದರು. ಅವಳ ಕಾಯಿಲೆಯ ಬಗ್ಗೆ ಆ ವರ್ಷವಿಡೀ ಅವರು ಬಾಯಿಬಿಟ್ಟು ಆಡಿದ ಮಾತು ಅದೊಂದೇ.

ಅಳಲು ಬಂದವರು

ನಾನು ಹುಟ್ಟಿದ್ದು ವಿಜಯಪುರದ ಕಡೆ. ಮದುವೆಯಾಗಿ ಗಣಿಯ ಕ್ವಾರ್ಟರ್ಸಿಗೆ ಬಂದೆ, ಗಣಿ ನಿಂತ ಮೇಲೆ ಕಳಸಕ್ಕೆ ಬಂದೆ. ಇಷ್ಟು ವರ್ಷವಾದರೂ ನನಗೆ ಈ ಕಡೆಯ ಒಂದು ಪದ್ಧತಿ ಮೈಗೆ ಹತ್ತಿಲ್ಲ. ನಮ್ಮೂರಲ್ಲಿ ಕಾಯಿಲೆಯವರನ್ನು ನೋಡಲು ಬಂದವರು ಹೊಸ್ತಿಲಲ್ಲೇ ನಿಂತು, "ಏನಾಗೇತಿ ನಿನಗ? ಏಳ, ರೊಟ್ಟಿ ತಿನ್ನು" ಎಂದು ಗದರುತ್ತಾರೆ. ಇಲ್ಲಿನವರು ಮೆತ್ತಗೆ ಮಾತಾಡುವ ಜನ. ಕಿತ್ತಳೆಹಣ್ಣಿನ ಚೀಲ ಕೆಳಗಿಟ್ಟು, "ಈಗ... ಹೇಗಿದಾರೆ?" ಎಂದು ಎಷ್ಟು ಸಣ್ಣ ದನಿಯಲ್ಲಿ ಕೇಳುತ್ತಾರೆಂದರೆ, ನೆಗಡಿಯಾದವನಿಗೂ ತನ್ನ ದಿನ ಮುಗಿಯಿತೆನ್ನಿಸಬೇಕು.

ಆಪರೇಷನ್ ಆಗಿ ಮಗಳು ಮನೆಗೆ ಬಂದಮೇಲೆ ದಿನಕ್ಕೆ ನಾಲ್ಕು ಮನೆಯವರು ಬರತೊಡಗಿದರು. ಎಲ್ಲರೂ ಅವಳ ಎದುರು ಕೂತು ನಿಟ್ಟುಸಿರು ಬಿಡುವವರೇ. ಯಜಮಾನರಿಗೆ ಅದನ್ನು ಸಹಿಸಲಾಗಲಿಲ್ಲ. ನಡುಮನೆಯಲ್ಲಿ ಉಯ್ಯಾಲೆಯ ಕೊಕ್ಕೆಗೆ ಫ್ರೇಮನ್ನು ಹಗ್ಗದಲ್ಲಿ ನೇತುಹಾಕಿ ಕೆಲಸ ಶುರುಮಾಡಿದ್ದರು. ಬಂದವರು ನಿಟ್ಟುಸಿರಿಗೆ ಉಸಿರು ಎಳೆದುಕೊಳ್ಳುವಾಗಲೇ, "ಇದನ್ನ ಒಂದು ಗಳಿಗೆ ಹಿಡ್ಕೊಳಿ" ಎಂದು ಏನಾದರೂ ಕೈಗೆ ಕೊಡುವುದು.

ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಂಡೇ ಒಳಗೆ ಬಂದರು. ಅವರಿಗೆ ಮುಂದಿನ ಚಕ್ರ ಕೂರುವ ಫೋರ್ಕನ್ನು ಹಿಡಿಸಿ, ಇವರು ಕೆಳಗಿಂದ ಬೇರಿಂಗ್ ಕೂರಿಸಿದರು. ಮುಕ್ಕಾಲು ಗಂಟೆ ಹಿಡಿಯಿತು.

"ಕೈ ಸೋತೋಯ್ತು ಫಿಟ್ಟರೇ" ಎಂದರು ಆಯಮ್ಮ.

"ಅಲ್ಲಾಡಬೇಡಿ. ನೀವು ಅಲ್ಲಾಡಿದ್ರೆ ಅವಳು ಇಳಿಜಾರಲ್ಲಿ ಅಲ್ಲಾಡ್ತಾಳೆ."

ಆಯಮ್ಮ ಸೆರಗಿಗೆಲ್ಲ ಗ್ರೀಸ್ ಮಾಡಿಕೊಂಡು ಮನೆಗೆ ಹೋದರು. ಮಾರನೇ ದಿನ ಗಂಡನನ್ನೂ ಕರೆದುಕೊಂಡು ಬಂದು, "ಇವತ್ತು ಚಕ್ರ ಹಾಕ್ತೀರಂತಲ್ಲ?" ಎಂದು ಕೇಳಿದರು. ಮಗಳು ಹೇಗಿದ್ದಾಳೆಂದು ಕೇಳುವುದು ಮರೆತೇಹೋಗಿತ್ತು. ಸ್ವಲ್ಪ ದಿನದಲ್ಲಿ ಪೇಟೆಯವರೆಲ್ಲ ಹಾಗೇ ಆದರು. ಪಾಪ, ಅಳಲೆಂದೇ ಬಂದವರು. ಕಣ್ಣು ಒರೆಸಿಕೊಳ್ಳಲು ಒಬ್ಬರ ಕೈಯೂ ಖಾಲಿ ಇರಲಿಲ್ಲ.

ಕಿರ್ ಕಿರ್

ಚಕ್ರ ಹಾಕಿ, ಚೈನು ಹಾಕಿ, ಪರೀಕ್ಷೆಗೆಂದು ಅಂಗಳದಲ್ಲಿ ಯಜಮಾನರೇ ಹತ್ತಿ ಪೆಡಲ್ ತುಳಿದರು. ಕಿರ್ ಎಂದು ಸದ್ದು. ಅಗ್ಗದ ಫ್ರೇಮಿನಲ್ಲಿ ಪೆಡಲ್ ತಿರುಗುವ ಕಡೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲವೆಂದು ಮಗಳು ಮೊದಲೇ ಹೇಳಿದ್ದಳು. ಬಿಚ್ಚಿದರು, ಒರೆಸಿದರು, ಕೂರಿಸಿದರು. ಕಿರ್. ಮತ್ತೆ ಬಿಚ್ಚಿದರು. ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿ ಮಾಡುವವರು ಬಂದು ಕಿವಿಗೊಟ್ಟು, "ಹಿಂದಿನ ಜಾಯಿಂಟು" ಎಂದರು. ಅದನ್ನೂ ಬಿಚ್ಚಿದ್ದಾಯಿತು. ಕಿರ್.

ಮೂರನೇ ದಿನ ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಕೂದಲು ಉದುರಿದ ವಾರ ಅದು. ಅವಳು ಮಾತಾಡಿಯೇ ಎರಡು ದಿನವಾಗಿತ್ತು. ಮೆಲ್ಲಗೆ ಹೇಳಿದಳು: "ಅಪ್ಪ, ಸೈಕಲ್ಲು ಗೋಡೆಗೆ ಒರಗಿಸಿ. ಈಗ ನೀವೊಬ್ರೇ ಒಂದು ಸಲ ಕೂತು ಏಳಿ."

ಕೂತರು. ಎದ್ದರು. ಕಿರ್.

ಬಲಗಾಲಿನ ಮಂಡಿ. ಪಲ್ಪರಿನವರು ಇನ್ನೊಮ್ಮೆ ಕಿವಿಗೊಟ್ಟು, ಗಂಭೀರವಾಗಿ ತಲೆಯಾಡಿಸಿ, "ಇದು ಬಿಚ್ಚಿದ್ರೆ ಮತ್ತೆ ಕೂರಿಸ್ಲಿಕ್ಕಾಗಲ್ಲ ಫಿಟ್ಟರೇ" ಎಂದು ಮನೆಗೆ ಹೋದರು.

ಗೇಜು

ಈ ಸೈಕಲ್ಲಿನ ಹಿಂದಿನ ಶಾಕ್ ಒಳಗೆ ಸ್ಪ್ರಿಂಗ್ ಇಲ್ಲ, ಗಾಳಿ. ಕೂರುವವರ ತೂಕ ನೋಡಿಕೊಂಡು ಗಾಳಿ ತುಂಬಬೇಕು. ಶಾಕ್ ಮೇಲೆ ಒಂದು ರಬ್ಬರ್ ಬಳೆ ಇರುತ್ತದೆ; ಕೂತವರು ಭಾರವಿದ್ದಷ್ಟೂ ಅದು ಹೆಚ್ಚು ಜಾರುತ್ತದೆ; ಎಷ್ಟು ಜಾರಿತು ನೋಡಿ, ಗಾಳಿ ಹೆಚ್ಚೋ ಕಡಿಮೆಯೋ ತಿಳಿಯುವುದು. ಬಳೆ ಜಾರಬೇಕಾದ ಜಾಗಕ್ಕೆ ಯಜಮಾನರು ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದರು.

ಮೂರು ವಾರಕ್ಕೊಮ್ಮೆ ಮಂಗಳೂರಿಗೆ ಹೋಗಿ ಮಗಳಿಗೆ ಔಷಧಿ ಏರಿಸಿಕೊಂಡು ಬರುವುದು. ದಾರಿಯಲ್ಲಿ ನಮ್ಮ ಹಳೇ ಕುದುರೆಮುಖ. ಖಾಲಿ ಕ್ವಾರ್ಟರ್ಸು, ಬಾಗಿಲಿಲ್ಲದ ಮನೆಗಳು. ಬರುವಾಗ ಅವಳು ಕಾರಿನ ಕಿಟಕಿಯಿಂದ ವಾಂತಿ ಮಾಡುವಳು, ಇವರು ಆ ಕಡೆ ತಿರುಗಿ ತಮ್ಮ ವರ್ಕ್‌ಶಾಪು ಇದ್ದ ದಿಕ್ಕು ನೋಡುವರು. ಮನೆಗೆ ಬಂದು ಎರಡು ದಿನ ಕಳೆದಮೇಲೆ ಅವಳನ್ನು ಸೈಕಲ್ಲಿನ ಮೇಲೆ ಕೂರಿಸುವುದು. ಗೋಡೆ ಹಿಡಿದು ಕೂರುವಳು. ಬಳೆ ಗೆರೆಯ ತನಕ ಬಾರದು. ಇವರು ಒಂದಿಷ್ಟು ಗಾಳಿ ಹೊರಗೆ ಬಿಡುವರು. ಅಡುಗೆಮನೆಯಲ್ಲಿ ನನಗೆ ಆ 'ಸ್ಸ್' ಕೇಳುತ್ತಿತ್ತು. ಮಗಳು ಇನ್ನಷ್ಟು ಇಳಿದಳೆಂದು ನನಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ.

ನಾಲ್ಕನೇ ಸಲವೂ ಗಾಳಿ ಬಿಡಬೇಕಾಗಿ ಬಂದಾಗ ಅವರು ಪಂಪಿನಲ್ಲಿ ಗಾಳಿಯ ಒತ್ತಡ ತೋರಿಸುವ ಗೇಜನ್ನು ಬೆಳಕಿಗೆ ಹಿಡಿದು ನೋಡಿದರು.

"ಗೇಜು ಕೆಟ್ಟಿದೆ. ಅಗ್ಗದ್ದು."

ಪಂಕ್ಚರ್ ಅಂಗಡಿಯವರು ಸರಿ ಇದೆಯೆಂದರೂ ನಂಬಲಿಲ್ಲ. ನನ್ನನ್ನು ಕರೆದರು. "ನಿನ್ನ ತೂಕ ಬದಲಾಗಿಲ್ಲ. ನೀನು ಕೂತ್ರೆ ಗೊತ್ತಾಗ್ತದೆ. ಹತ್ತು."

ಎಪ್ಪತ್ತು ದಾಟಿದ ಹೆಂಗಸು ನಾನು, ಹುಟ್ಟಿದಂದಿನಿಂದ ಸೈಕಲ್ಲು ಹತ್ತಿದವಳಲ್ಲ. ಆದರೆ ಆ ಮನುಷ್ಯನ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ, ಒಂದು ಕೈ ಕಿಟಕಿ ಸರಳಿಗೆ, ಒಂದು ಕೈ ಅವರ ಹೆಗಲಿಗೆ ಕೊಟ್ಟು ಹತ್ತಿ ಕೂತೆ. ಮಗಳಿಗೆಂದು ತುಂಬಿದ ಗಾಳಿ. ಧಡ್ ಎಂದು ಶಾಕ್ ತಳ ಮುಟ್ಟಿತು. ಬಳೆ ಗೆರೆ ದಾಟಿ, ಹೋಗುವಷ್ಟು ದೂರ ಹೋಗಿ ನಿಂತಿತು.

ಒಳಗೆ ಮಲಗಿದ್ದ ಮಗಳು ನಕ್ಕ ಸದ್ದು ಕೇಳಿಸಿತು. ಯಜಮಾನರು ಬಗ್ಗಿ ಬಳೆಯನ್ನು ನೋಡಿ, ನಿಧಾನಕ್ಕೆ ಎದ್ದು, ತೀರಾ ದುಃಖದಿಂದ ಹೇಳಿದರು: "ಗೇಜು ಸರಿ ಇದೆ."

ನೀರಿನ ಟ್ಯಾಂಕಿನ ತನಕ

ಔಷಧಿ ಏರಿಸುವುದು ಮುಗಿಯಿತು. ಮೂರು ತಿಂಗಳು ಬಿಟ್ಟು ಸ್ಕ್ಯಾನ್, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಸುಮ್ಮನೆ ಕೂತು ಕಾಯುವುದೆಂದರೆ ಏನೆಂದು ಕಾದವರಿಗೇ ಗೊತ್ತು. ಎರಡು ತಿಂಗಳು ಕಳೆದಮೇಲೆ ಮಗಳು ಕೇಳಿದ್ದಕ್ಕೆ, ನಿಧಾನಕ್ಕೆ ಸೈಕಲ್ಲು ಹೊಡೆಯಬಹುದು ಎಂದೂ ಅಂದರು. ನನಗೆ ಮನಸ್ಸಿರಲಿಲ್ಲ. ಇದ್ದ ಒಬ್ಬಳು ಮಗಳು ಹೀಗಾಗಿ ಕೂತಿರುವಾಗ ಗುಡ್ಡ ಹತ್ತುವುದು ಯಾವ ಸುಖಕ್ಕೆ?

ಕಡೆಗೆ ಉಳಿದಿದ್ದು ಸೀಟು. ಅಲ್ಲಿಯ ತನಕ ಅದನ್ನು ತಳದವರೆಗೆ ಇಳಿಸಿಟ್ಟಿದ್ದರು, ಈಗ ಅವಳ ಎತ್ತರಕ್ಕೆ ಕೂರಿಸಬೇಕು. ಸೀಟಿನ ಕೆಳಗಿನ ಪೈಪನ್ನು ಫ್ರೇಮಿನೊಳಗೆ ಇಳಿಸಿ ಬಿಗಿಯಬೇಕು. ಅದಕ್ಕೆ ಹಚ್ಚಲೆಂದು ಫ್ರೇಮಿನ ಜೊತೆ ಒಂದು ಸಣ್ಣ ಪೊಟ್ಟಣದಲ್ಲಿ ಪೇಸ್ಟ್ ಬಂದಿತ್ತು. ಯಜಮಾನರು ಬೆರಳ ನಡುವೆ ತಿಕ್ಕಿ ನೋಡಿದರು. ಮರಳು ಮರಳು. ಗಣಿಯ ಧೂಳಿನಲ್ಲಿ ಇಡೀ ಸರ್ವಿಸು ಮಿಷನ್ನಿನೊಳಗೆ ಮರಳು ಹೋಗದಂತೆ ಕಾದ ಮನುಷ್ಯ. "ಮಣ್ಣು ಬೆರೆಸಿ ಕಳಿಸಿದಾರೆ ಕಳ್ಳರು" ಎಂದು ಪೊಟ್ಟಣವನ್ನು ಬಚ್ಚಲ ಒಲೆಗೆ ಎಸೆದು, ತಮ್ಮ ಡಬ್ಬಿಯ ಒಳ್ಳೆಯ ಗ್ರೀಸನ್ನು ಧಾರಾಳವಾಗಿ ಹಚ್ಚಿದರು. ಮಳೆಗಾಲದಲ್ಲಿ ತುಕ್ಕು ಹಿಡಿಯಬಾರದಲ್ಲ. ಆ ಮರಳು, ಪೈಪು ಜಾರದಿರಲೆಂದೇ ಹಾಕಿದ್ದು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಆಗ ಮಲಗಿದ್ದಳು.

ಭಾನುವಾರ ಬೆಳಿಗ್ಗೆ ಹೊರಟಳು. ಎಸ್ಟೇಟಿನ ನಡುವಿನ ಕಾಲುದಾರಿಯಲ್ಲಿ ನೀರಿನ ಟ್ಯಾಂಕಿನ ತನಕ ಹೋಗಿ ಬರುವುದು, ಅಷ್ಟೇ. ಫೋರ್ಕ್ ಹಿಡಿದವರು, ಚಕ್ರ ಹಿಡಿದವರು, ಪಲ್ಪರಿನವರು ಎಲ್ಲರೂ ಗೇಟಿನ ಹತ್ತಿರ ಸೇರಿದ್ದರು. ತಮ್ಮ ತಮ್ಮ ಭಾಗ ಸರಿಯಾಗಿ ಕೂತಿದೆಯೋ ಎಂಬ ಚಿಂತೆ ಒಬ್ಬೊಬ್ಬರಿಗೂ. ಮಗಳು ಎತ್ತರದ ಸೀಟಿನಲ್ಲಿ ನೆಟ್ಟಗೆ ಕೂತು, ಕಾಫಿಗಿಡದ ಮೇಲೆ ತಲೆ ಕಾಣುವ ಹಾಗೆ ತಿರುವು ದಾಟಿ ಹೋದಳು.

ಹತ್ತು ನಿಮಿಷ. ಹದಿನೈದು ನಿಮಿಷ. ಯಜಮಾನರು ಕೈಯಲ್ಲಿ ಪಂಪ್ ಹಿಡಿದುಕೊಂಡು ನಿಂತಿದ್ದರು, ಯಾಕೆಂದು ಅವರಿಗೇ ತಿಳಿಯದು.

ಆಮೇಲೆ ಚಕ್ರದ ಸದ್ದು ಕೇಳಿತು. ತಿರುವಿನಲ್ಲಿ ನೋಡುತ್ತೇನೆ, ಕಾಫಿಗಿಡದ ಮೇಲೆ ತಲೆಯೇ ಇಲ್ಲ. ಹತ್ತಿರ ಬಂದಾಗ ಕಂಡಳು. ಹೋದವಳಿಗಿಂತ ಬಂದವಳು ಒಂದು ಗೇಣು ಗಿಡ್ಡ. ಎಂಟು ತಿಂಗಳಿಂದ ಅವಳು ಸವೆಯುವುದನ್ನು ನೋಡಿದ ಕಣ್ಣು ನನ್ನದು. ಹದಿನೈದು ನಿಮಿಷದಲ್ಲಿ ಇಷ್ಟು ಸವೆದಳೇ ಎಂದೇ ಅನಿಸಿತು.

ಸೀಟು ತಳ ಮುಟ್ಟಿತ್ತು. ಮಂಡಿ ಎರಡೂ ಗದ್ದಕ್ಕೆ ತಾಗುತ್ತಿದ್ದವು. ಕಪ್ಪೆಯ ಹಾಗೆ ಕೂತು ತುಳಿಯುತ್ತ ಬಂದು ಗೇಟಿನಲ್ಲಿ ನಿಂತಳು. ಏದುಸಿರು.

ರೈಟರ ಹೆಂಡತಿ ತಮ್ಮ ಹಳೇ ಮೆತ್ತನೆ ದನಿಯಲ್ಲಿ ಅಂದರು: "ಹೋಗುವಾಗ ಎತ್ತರ ಇದ್ರಲ್ಲ..."

ಮಗಳು ಸೀಟಿನ ಪೈಪು ಮುಟ್ಟಿ ಬೆರಳು ನೋಡಿಕೊಂಡಳು. "ಗ್ರೀಸಾ ಅಪ್ಪ?"

"ಒಳ್ಳೇ ಗ್ರೀಸು" ಎಂದರು ಅವರು.

"ಬೀಳ್ತೀನಿ ಅಂತ ಅಮ್ಮ ಹೆದ್ರಿದ್ಲು. ಮುಳುಗ್ತೀನಿ ಅಂತ ಯಾರೂ ಹೇಳಿರ್ಲಿಲ್ಲ."

ಇಳಿಯಲು ಹೋದವಳನ್ನು ಯಜಮಾನರು ತಡೆದರು. "ಇರು. ಹಾಗೇ ಕೂತಿರು." ಕಿರ್ ಎಂದು ಮಂಡಿ ಮಡಚಿ ಬಗ್ಗಿ, ರಬ್ಬರ್ ಬಳೆಯನ್ನು ಮೇಲಕ್ಕೆ ಸರಿಸಿ, ಅವಳನ್ನು ಒಮ್ಮೆ ಎಬ್ಬಿಸಿ ಮತ್ತೆ ಕೂರಿಸಿದರು. ಬಳೆ ಜಾರಿತು. ಬಿಳಿ ಗೆರೆ ದಾಟಿ ಒಂದು ಬೆರಳು ಮುಂದೆ ಹೋಗಿ ನಿಂತಿತು. ಅವರು ಅದನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಗಾಳಿ ಬಿಡುವುದಲ್ಲ, ತುಂಬಬೇಕಾಗಿತ್ತು.

ಸ್ಕ್ಯಾನಿಗೆ ಇನ್ನೂ ನಾಲ್ಕು ವಾರವಿತ್ತು. ಅದರಲ್ಲಿ ಏನು ಬರುವುದೋ ದೇವರಿಗೇ ಗೊತ್ತು. ಒಳ್ಳೆಯ ಸುದ್ದಿಯನ್ನು ಒಂದೇ ಸಲಕ್ಕೆ ನಂಬುವ ಅಭ್ಯಾಸ ನಮ್ಮ ಯಜಮಾನರಿಗೆ ಮೊದಲಿನಿಂದಲೂ ಇಲ್ಲ. ನಿಧಾನಕ್ಕೆ ಎದ್ದು ನಿಂತು, ಅಷ್ಟೂ ಜನರ ಎದುರಿಗೆ ನನ್ನ ಕಡೆ ತಿರುಗಿದರು.

"ಗೇಜಿನ ಮೇಲೆ ನಂಗೆ ನಂಬಿಕೆ ಇಲ್ಲ. ನೀನೊಂದು ಸಲ ಹತ್ತು ಮಾರಾಯ್ತಿ."

ನಾನು ಸೀರೆ ಸಿಕ್ಕಿಸಿದೆ.